ಸಂಜೆ ಏಳಾದ್ರೆ ಸಾಕು ಅಮ್ಮನ ಟೀವಿ ಸುತ್ತೋಕೆ ಶುರು, ಐಪಿಟಿವಿ (ನೆಟ್ ಮೇಲೆ ಬರೋ ಟೀವಿ) ಆಪ್ ಬಗ್ಗೆ ಗೊತ್ತಿರೋರು ದಾರಿ ಹೇಳಿ

ಹೇಮಾವತಿ_ತೀರ · ಭಾನುವಾರ, ರಾತ್ರಿ 9:40

ಎಲ್ರಿಗೂ ನಮಸ್ಕಾರ. ನಾನಿರೋದು ಹಾಸನ ಟೌನಲ್ಲಿ, ಅಮ್ಮ ಇರೋದು ಸಕಲೇಶಪುರದ ಆಚೆ ಹಾನುಬಾಳು ಕಡೆ ತೋಟದ ಮನೇಲಿ. ತಮ್ಮ ಜೊತೆಗಿದಾನೆ, ಆದ್ರೆ ಈಗ ಕಾಫಿ ಹಣ್ಣು ಕೊಯ್ಲು ಟೈಮು, ಅವನು ಮನೆಯೊಳಗೆ ಕೂರೋದೇ ಇಲ್ಲ. ಅಪ್ಪ ಹೋದ್ಮೇಲೆ ಸಂಜೆ ಹೊತ್ತು ಅಮ್ಮಂಗೆ ಟೀವಿನೇ ಜೊತೆ. ಡಿಶ್ ಮಳೆಗಾಲದಲ್ಲಿ ಬರೋದೇ ಇಲ್ಲ ಅಂತ ಹೋದ ವರ್ಷ ಫೈಬರ್ ಹಾಕ್ಸಿ, ಲೈನಿನವರೇ ಕೊಡೋ ಟೀವಿ ಆಪನ್ನ ಟೀವಿ ಹಿಂದೆ ಸಿಕ್ಕಿಸೋ ಒಂದು ಎಚ್‌ಡಿಎಂಐ ಸ್ಟಿಕ್‌ಗೆ ಹಾಕಿ ಕೊಟ್ಟಿದ್ದೆ.

ಒಂದು ತಿಂಗಳಿಂದ ಹೊಸ ಕಾಟ. ಬೆಳಗ್ಗೆ, ಮಧ್ಯಾಹ್ನ ಎಲ್ಲ ಚೆನ್ನಾಗಿ ಬರುತ್ತೆ. ಸಂಜೆ ಏಳಕ್ಕೆ ಸ್ವಲ್ಪ ಮುಂಚೆ ಶುರು ಆಗುತ್ತೆ ನೋಡಿ, ಐದು ಸೆಕೆಂಡ್ ಓಡುತ್ತೆ, ಇಪ್ಪತ್ತು ಸೆಕೆಂಡ್ ಆ ಚಕ್ರ ಸುತ್ತುತ್ತೆ, ಮತ್ತೆ ಐದು ಸೆಕೆಂಡ್. ಧಾರಾವಾಹೀಲಿ ಯಾರು ಏನಂದ್ರು ಅಂತಾನೇ ಗೊತ್ತಾಗಲ್ಲ. ಅಮ್ಮ ಫೋನ್ ಮಾಡಿ "ಬಿಡು ಮಗ, ನಂಗೇನೂ ನೋಡ್ಲೇಬೇಕು ಅಂತಿಲ್ಲ, ಬೇಗ ಮಲಗ್ತೀನಿ" ಅಂದ್ರು. ಅದನ್ನ ಕೇಳಿ ನಂಗೆ ಸಂಕಟ ಆಯ್ತು.

ಪ್ಲಾನ್ 50 ಎಂಬಿಪಿಎಸ್. ಸ್ಪೀಡ್ ಟೆಸ್ಟ್ ಮಾಡಿದ್ರೆ 48 ತೋರಿಸ್ತು. ಕ್ಯಾಶ್ ಕ್ಲಿಯರ್ ಮಾಡಿದೆ, ಆಪ್ ತೆಗೆದು ಮತ್ತೆ ಹಾಕಿದೆ. ಕಸ್ಟಮರ್ ಕೇರ್‌ನವರು ರೀಸ್ಟಾರ್ಟ್ ಮಾಡಿ ಅಂತಾರೆ, ಅದನ್ನೂ ಎಷ್ಟೋ ಸಲ ಮಾಡಾಯ್ತು. ಇನ್ನೇನು ಮಾಡ್ಬೇಕು?

ಅರಸೀಕೆರೆ_ತೆಂಗು · ಭಾನುವಾರ, ರಾತ್ರಿ 10:05

ಅಕ್ಕ ಸಂಜೆ ಹೊತ್ತು ಎಲ್ರೂ ನೋಡ್ತಾರೆ ಸರ್ವರ್ ಮೇಲೆ ಲೋಡ್ ಬೀಳುತ್ತೆ ಅದಕ್ಕೆ ಹಂಗಾಗೋದು. ಆಪ್ ಸೆಟ್ಟಿಂಗ್‌ನಲ್ಲಿ ಬಫರ್ (ಮುಂದಿನ ಚಿತ್ರ ಮೊದ್ಲೇ ತುಂಬ್ಕಂಡು ಇಡೋದು) ಅಂತ ಇದ್ರೆ ಜಾಸ್ತಿ ಮಾಡಿ. ನಾನು ವಿಎಲ್‌ಸಿ ಅನ್ನೋ ಪ್ಲೇಯರಲ್ಲಿ ನೋಡೋದು, ಅದ್ರಲ್ಲಿ ನೆಟ್‌ವರ್ಕ್ ಕ್ಯಾಶಿಂಗ್ 1000 ಮಿಲಿಸೆಕೆಂಡ್ ಅಂತ ಇರುತ್ತೆ, ಅಂದ್ರೆ ಬರೀ ಒಂದು ಸೆಕೆಂಡು, ನಾನು 5000 ಮಾಡ್ಕಂಡಿದೀನಿ. ಚಾನೆಲ್ ಬರೋದು ಸ್ವಲ್ಪ ತಡ ಆಯ್ತದೆ ಆದ್ರೆ ಮಧ್ಯ ಮಧ್ಯ ನಿಲ್ಲೋದು ಕಮ್ಮಿ ಆಗೈತೆ.

ಇಲ್ಲೇ ನಂದೂ ಒಂದು ಕೇಳ್ಬಿಡ್ತೀನಿ. ಹಳೇ ಆಂಡ್ರಾಯ್ಡ್ ಬಾಕ್ಸು, ಎಲ್ಲಾ ಚಾನೆಲ್ ಬತ್ತವೆ, ಒಂದೆರಡು ಎಚ್‌ಡಿ ಚಾನೆಲ್ ಮಾತ್ರ ಸೌಂಡ್ ಬತ್ತದೆ ಚಿತ್ರ ಬರಲ್ಲ, ಬರೀ ಕಪ್ಪು. ಮ್ಯಾಚ್ ಇದ್ದಾಗ ರೇಡಿಯೋ ಕೇಳ್ದಂಗೆ ಕೂತ್ಕಬೇಕು.

ಮುಳ್ಳಯ್ಯನಗಿರಿ_1930 · ಭಾನುವಾರ, ರಾತ್ರಿ 11:15

ಹೇಮಾವತಿ ಮೇಡಂ, ಆಪ್ ಕೈಗೆ ಹೋಗೋ ಮುಂಚೆ ಒಂದು ನಿಮಿಷ. ನಾನು ಚಿಕ್ಕಮಗಳೂರು, ಆಲ್ದೂರು, ಮೂಡಿಗೆರೆ ಕಡೆ ಫೈಬರ್ ಕೆಲಸ ಮಾಡೋನು, ಈ ಚಕ್ರ ಸುತ್ತೋ ಕಂಪ್ಲೇಂಟಿಗೆ ವಾರಕ್ಕೆ ಹತ್ತು ಮನೆಗಾದ್ರೂ ಹೋಗ್ತೀನಿ.

ಈ ಆಪ್‌ಗಳಿಗೆ ಚಿತ್ರ ನಲ್ಲಿ ನೀರಿನ ಥರ ಒಂದೇ ಧಾರೆಯಾಗಿ ಬರಲ್ಲ, ತುಂಡು ತುಂಡಾಗಿ ಬರುತ್ತೆ. ಹೆಚ್ಚಿನವು ಬಳಸೋದು ಎಚ್‌ಎಲ್‌ಎಸ್ ಅಂತ, 2009ರಲ್ಲಿ ಆಪಲ್‌ನವರು ತಂದಿದ್ದು. ಆರಾರು ಸೆಕೆಂಡಿನ ತುಂಡು ಇರ್ತವೆ, ಯಾವ ತುಂಡು ಆದ್ಮೇಲೆ ಯಾವುದು ಅಂತ ಒಂದು ಪಟ್ಟಿ ಇರುತ್ತೆ, ಪ್ಲೇಯರ್ ಎರಡು ಮೂರು ತುಂಡು ಕೈಯಲ್ಲಿಟ್ಕೊಂಡು ಓಡಿಸ್ತಾ ಮುಂದಿಂದು ತರಿಸ್ತಾ ಇರುತ್ತೆ. ಆರು ಸೆಕೆಂಡಿನ ತುಂಡು ಬರೋಕೆ ಎಂಟು ಸೆಕೆಂಡ್ ಹಿಡಿದ್ರೆ ಕೈಯಲ್ಲಿರೋದು ಖಾಲಿ, ಆಗ್ಲೇ ಚಕ್ರ. ಹಾಗಾಗಿ ಮಧ್ಯಾಹ್ನ ಒಂದ್ಸಲ 48 ಬಂತು ಅನ್ನೋದು ಲೆಕ್ಕಕ್ಕೆ ಬರಲ್ಲ. ಫುಲ್ ಎಚ್‌ಡಿಗೆ 5 ಎಂಬಿಪಿಎಸ್ ಸಾಕು, ಆದ್ರೆ ಆ 5 ನಿಲ್ದೆ ಬರ್ತಾ ಇರ್ಬೇಕು. ಅರಸೀಕೆರೆಯವರು ಹೇಳಿದ ಬಫರ್ ಜಾಸ್ತಿ ಮಾಡೋದು ಆಗೊಮ್ಮೆ ಈಗೊಮ್ಮೆ ತಡೆದ್ರೆ ಕೆಲಸ ಮಾಡುತ್ತೆ, ನಿಮ್ಮ ಹಾಗೆ ಐದಕ್ಕೆ ಇಪ್ಪತ್ತು ನಿಲ್ಲೋದಾದ್ರೆ ಎಷ್ಟು ಬಫರ್ ಇಟ್ರೂ ಬತ್ತಿ ಹೋಗುತ್ತೆ.

ಚಾನೆಲ್‌ನಿಂದ ಟೀವಿವರೆಗೆ ನಾಲ್ಕು ಹಂತ: ಅವರ ಸರ್ವರ್, ಹೊರಗಿನ ಫೈಬರ್ ಲೈನು, ಮನೆಯೊಳಗಿನ ವೈಫೈ, ಸ್ಟಿಕ್ಕು. ಎಲ್ಲಿ ಕೆಟ್ಟಿದೆ ಅಂತ ಗೊತ್ತಾಗೋವರೆಗೂ ಏನನ್ನೂ ಬದಲಾಯಿಸ್ಬೇಡಿ. ಮುಂದಿನ ಸಲ ಊರಿಗೆ ಹೋದಾಗ ಸರಿಯಾಗಿ ಏಳಕ್ಕೆ, ಟೀವಿ ನಿಲ್ತಾ ಇರೋವಾಗ್ಲೇ ಇಷ್ಟು ಮಾಡಿ. ಮೊದ್ಲು ಫೈಬರ್ ಡಬ್ಬಿ (ವೈಫೈ ಕೊಡೋ ಮೋಡೆಮ್) ನೋಡಿ, ಎಲ್‌ಒಎಸ್ ಅನ್ನೋ ಕಡೆ ಕೆಂಪು ದೀಪ ಉರೀತಿದ್ರೆ ಲೈನಲ್ಲೇ ಬೆಳಕು ಬರ್ತಿಲ್ಲ ಅಂತ, ಅದು ಲೈನ್‌ಮ್ಯಾನ್ ಕೆಲಸ. ಕೆಂಪಿಲ್ದಿದ್ರೆ ಫೋನಲ್ಲಿ ಅದೇ ಆಪು, ಅದೇ ಚಾನೆಲ್ಲು ಹಾಕಿ ಡಬ್ಬಿ ಪಕ್ಕ ನಿಂತು ಹತ್ತು ನಿಮಿಷ ನೋಡಿ. ಆಮೇಲೆ ಅದೇ ಫೋನ್ ತಗೊಂಡ್ಹೋಗಿ ಟೀವಿ ಪಕ್ಕ ಹತ್ತು ನಿಮಿಷ. ಆಮೇಲೆ ಸ್ಟಿಕ್‌ನಲ್ಲಿ ಬೇರೆ ಯಾವುದಾದ್ರೂ ವಿಡಿಯೋ ಆಪ್. ನಾಲ್ಕನ್ನೂ ಒಂದು ಚೀಟೀಲಿ ಬರ್ಕೊಳ್ಳಿ, ನೆನಪಿನ ಮೇಲೆ ಬಿಡ್ಬೇಡಿ.

ಅರಸೀಕೆರೆಯವ್ರೆ, ನಿಮ್ಮದು ಕೋಡೆಕ್, ಅಂದ್ರೆ ವಿಡಿಯೋನ ಕುಗ್ಗಿಸಿ ಮತ್ತೆ ಬಿಡಿಸೋ ವಿಧಾನದ ತೊಂದ್ರೆ ಅನ್ಸುತ್ತೆ. ಆ ಚಾನೆಲ್‌ಗಳು ಎಚ್ 265ರಲ್ಲಿ ಬರ್ತಿರ್ಬೇಕು, ಹಳೇ 264ಕ್ಕಿಂತ ಸುಮಾರು ಅರ್ಧ ಡೇಟಾದಲ್ಲಿ ಅಷ್ಟೇ ಚೆನ್ನಾಗಿ ಕಾಣೋ ಚಿತ್ರ ಕೊಡುತ್ತೆ ಅಂತ ಎಲ್ರೂ ಅದಕ್ಕೆ ಹೋಗ್ತಿದಾರೆ. ಅದನ್ನ ಬಿಡಿಸೋ ಚಿಪ್ಪು ಹಳೇ ಬಾಕ್ಸ್‌ಗಳಲ್ಲಿ ಇರಲ್ಲ. ಆಪ್‌ನಲ್ಲಿ ಡಿಕೋಡರ್ ಹಾರ್ಡ್‌ವೇರ್ ಅಂತಿದ್ರೆ ಸಾಫ್ಟ್‌ವೇರ್ ಮಾಡಿ ನೋಡಿ. ಚಿತ್ರ ಬಂದು ಎಳೆದಾಡಿದ್ರೆ ಬಾಕ್ಸಿಗೆ ಅಷ್ಟು ಶಕ್ತಿ ಇಲ್ಲ ಅಂತಾನೇ ಅರ್ಥ, ಅದೇ ಚಾನೆಲ್ಲಿನ ಎಸ್‌ಡಿ (ಕಮ್ಮಿ ಗುಣಮಟ್ಟದ್ದು) ನೋಡ್ಬೇಕು ಇಲ್ಲಾ ಬಾಕ್ಸ್ ಬದಲಾಯಿಸ್ಬೇಕು.

ಕೊಪ್ಪದ_ಅಡಿಕೆ · ಸೋಮವಾರ, ಬೆಳಗ್ಗೆ 7:20

ಒಳ್ಳೇ ಚರ್ಚೆ ಮಾರ್ರೆ. ನಮ್ಮಲ್ಲಿ ಫೈಬರ್ ಇನ್ನೂ ಬಂದಿಲ್ಲ, ಮೊಬೈಲ್ ಹಾಟ್‌ಸ್ಪಾಟಲ್ಲೇ ಟೀವಿ. ನೆಟ್‌ವರ್ಕ್ ಸಿಗೋದು ಅಂಗಳದ ಮೂಲೇಲಿ ಮಾತ್ರ, ಫೋನನ್ನ ಅಲ್ಲಿ ಕಿಟಕಿ ಸರಳಿಗೆ ಕಟ್ಟಿ ಇಡೋದು. ರಾತ್ರಿ ಎಂಟೂವರೆ ಹೊತ್ತಿಗೆ ಪೂರ್ತಿ ನಿಂತೇ ಹೋಗ್ತದೆ. ಇನ್ನೊಂದು ವಿಚಿತ್ರ, ಆಪಲ್ಲಿ ಯಾವ ಕಾರ್ಯಕ್ರಮ ಎಷ್ಟೊತ್ತಿಗೆ ಅಂತ ಬರೋ ಪಟ್ಟಿ ಇದ್ಯಲ್ಲ, ಅದು ಪೂರಾ ತಪ್ಪು, ಏಳು ಗಂಟೆ ವಾರ್ತೆ ಮಧ್ಯಾಹ್ನ ಒಂದೂವರೆಗೆ ತೋರಿಸ್ತದೆ. ಎಂಥ ಇದು?

ಮುಳ್ಳಯ್ಯನಗಿರಿ_1930 · ಸೋಮವಾರ, ಬೆಳಗ್ಗೆ 8:45

ಒಂದೂವರೆಗೂ ಏಳಕ್ಕೂ ಎಷ್ಟು ಅಂತರ ನೋಡಿ, ಸರಿಯಾಗಿ ಐದೂವರೆ ಗಂಟೆ. ನಮ್ಮ ಟೈಮು ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ಬಾಕ್ಸಿನ ಟೈಮ್ ಝೋನು ಭಾರತಕ್ಕೆ ಹಾಕಿದೆಯಾ ನೋಡಿ, ಹಾಕಿದ್ರೂ ಹಾಗೇ ಬಂದ್ರೆ ಆಪ್‌ನೊಳಗೆ ಇಪಿಜಿ (ಆ ಕಾರ್ಯಕ್ರಮದ ಪಟ್ಟಿ) ಆಫ್‌ಸೆಟ್ ಅಂತಿರುತ್ತೆ, ಅಲ್ಲಿ ಪ್ಲಸ್ 5:30 ಕೊಡಿ.

ಎಂಟೂವರೆಗೆ ನಿಲ್ಲೋದು ಡೇಟಾ ಮುಗಿಯೋದು. ಫುಲ್ ಎಚ್‌ಡಿ 5 ಎಂಬಿಪಿಎಸ್ ಅಂದ್ರೆ ಗಂಟೆಗೆ ಎರಡೂಕಾಲು ಜಿಬಿ. ದಿನಕ್ಕೆ 2 ಜಿಬಿ ಪ್ಲಾನಾದ್ರೆ ಒಂದು ಗಂಟೆ ಕೂಡ ಬರಲ್ಲ, ಆಮೇಲೆ 64 ಕೆಬಿಪಿಎಸ್‌ಗೆ ಇಳಿಯುತ್ತೆ, ಅದ್ರಲ್ಲಿ ಹಾಡು ಕೇಳೋದೂ ಕಷ್ಟ. ಕ್ವಾಲಿಟೀನ ಆಟೋದಿಂದ ತೆಗೆದು 480ಕ್ಕೆ ಕಟ್ಟಿ ಹಾಕಿ, ರಾತ್ರಿ ಮಲಗೋವರೆಗೂ ಬರುತ್ತೆ.

ಕೊಪ್ಪದ_ಅಡಿಕೆ · ಸೋಮವಾರ, ಬೆಳಗ್ಗೆ 9:30

ಟೈಮ್ ಝೋನ್ ಲಂಡನ್ನಿಗೆ ಇತ್ತು. ಸರಿ ಆಯ್ತು. ದೇವ್ರು ಒಳ್ಳೇದ್ ಮಾಡ್ಲಿ ನಿಮಗೆ.

ಬೇಲೂರು_ರೋಡ್ · ಸೋಮವಾರ, ಸಂಜೆ 6:10

ಹೇಮಾವತಿ ಅಕ್ಕ ಇಷ್ಟೆಲ್ಲಾ ತಲೆ ಕೆಡಿಸ್ಕೊಳೋ ಬದ್ಲು ಆ ಆಪೇ ಬಿಡಿ. ಟೆಲಿಗ್ರಾಂನಲ್ಲಿ ವರ್ಷಕ್ಕೆ ಸಾವಿರ ರೂಪಾಯಿಗೆ ಎಲ್ಲಾ ಭಾಷೆ ಎಲ್ಲಾ ಚಾನೆಲ್ ಇರೋ ಲಿಸ್ಟ್ ಕೊಡ್ತಾರೆ, ಲಿಂಕ್ ಹಾಕಿದ್ರೆ ಮುಗೀತು. ನಮ್ಮ ಬೀದೀಲಿ ನಾಲ್ಕು ಮನೇಲಿ ಐತೆ.

ಮುಳ್ಳಯ್ಯನಗಿರಿ_1930 · ಸೋಮವಾರ, ಸಂಜೆ 7:50

ದಯವಿಟ್ಟು ಬೇಡ. ಅವು ಕದ್ದ ಚಾನೆಲ್‌ಗಳು, 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಅಪರಾಧದ ಬಾಬತ್ತು. ಕಾನೂನು ಒಂದು ಕಡೆ ಇರ್ಲಿ, ನನ್ನ ಅನುಭವ ಹೇಳ್ತೀನಿ, ನನ್ನ ಹತ್ರ ರಿಪೇರಿಗೆ ಅಂತ ಬರೋ ಟೀವಿಗಳಲ್ಲಿ ನಾನು ಏನೂ ಮಾಡೋಕಾಗದೇ ವಾಪಸ್ ಕೊಡೋದು ಇವೇ. ಲಿಂಕ್ ರಾತ್ರೋರಾತ್ರಿ ಸಾಯುತ್ತೆ, 403, ಅಂದ್ರೆ ಒಳಗೆ ಬಿಡಲ್ಲ ಅಂತ ಬರುತ್ತೆ, ಒಂದೇ ಲೈನನ್ನ ನಾಲ್ಕು ಮನೆಗೆ ಮಾರಿರ್ತಾರೆ ಒಬ್ರು ಹಾಕಿದ್ರೆ ಇನ್ನೊಬ್ರಿಗೆ ಕಟ್. ದುಡ್ಡು ತಗೊಂಡೋನು ಯಾರು ಎಲ್ಲಿದಾನೆ ಅಂತಾನೇ ಗೊತ್ತಿರಲ್ಲ. ವಯಸ್ಸಾದೋರ ಮನೆಗೆ ಅಂತದ್ದನ್ನ ಹಾಕ್ಬಾರ್ದು. ದುಡ್ಡು ಕೊಡದೆ ನೋಡ್ಬೇಕು ಅಂದ್ರೆ ಪ್ರಸಾರ ಭಾರತಿಯ ವೇವ್ಸ್ ಆಪ್ ಇದೆ, 2024ರ ನವೆಂಬರ್‌ನಲ್ಲಿ ಬಂತು, ದೂರದರ್ಶನದ ಚಂದನ ಅದ್ರಲ್ಲೇ ಸಿಗುತ್ತೆ.

ಬೇಲೂರು_ರೋಡ್ · ಸೋಮವಾರ, ರಾತ್ರಿ 8:30

ಸರಿ ಅಣ್ಣ, ಆ ಮಾತು ವಾಪಸ್. ನಿಜ ಹೇಳ್ಬೇಕಂದ್ರೆ ನಮ್ಮದೂ ಎರಡು ಸಲ ಲಿಂಕ್ ಸತ್ತಿತ್ತು.

ಅಕ್ಕನಿಗೆ ಉಪಯೋಗ ಆಗೋದು ಒಂದು ಹೇಳ್ತೀನಿ. ಸ್ಟಿಕ್ಕಿಗೆ ಕರೆಂಟ್ ಎಲ್ಲಿಂದ ಕೊಟ್ಟಿದೀರ? ಟೀವಿ ಹಿಂದಿನ ಯುಎಸ್‌ಬಿ ತೂತಿಂದ ಕೊಟ್ಟಿದ್ರೆ ತೆಗೀರಿ. ಅದು ಅರ್ಧ ಆಂಪಿಯರ್ ಕೊಟ್ರೆ ಹೆಚ್ಚು, ಸ್ಟಿಕ್ಕಿಗೆ ಒಂದು ಆಂಪಿಯರ್ ಬೇಕು, ನಮ್ಮದು ಅದಕ್ಕೇ ಎಚ್‌ಡಿ ಹಾಕಿದ ತಕ್ಷಣ ಆಫಾಗಿ ಆನ್ ಆಗ್ತಿತ್ತು. ಜೊತೆಗೆ ಬಂದ ಅಡಾಪ್ಟರ್ ಗೋಡೆ ಪ್ಲಗ್ಗಿಗೆ ಹಾಕಿ. ಇನ್ನೊಂದು, ಕರೆಂಟ್ ಹೋಗಿ ಬಂದ್ಮೇಲೆ ಯಾವ ಆಪೂ ಓಪನ್ ಆಗ್ದೆ ಕನೆಕ್ಷನ್ ಎರರ್ ಅಂದ್ರೆ ತಾರೀಕು ನೋಡಿ. ಅಗ್ಗದ ಬಾಕ್ಸ್‌ಗಳಲ್ಲಿ ಗಡಿಯಾರದ ಬ್ಯಾಟರಿ ಇರಲ್ಲ, ನಮ್ಮದು 1970ಕ್ಕೆ ಹೋಗ್ಬಿಟ್ಟಿತ್ತು. ತಾರೀಕು ತಪ್ಪಿದ್ರೆ ಸರ್ವರಿನ ಸರ್ಟಿಫಿಕೇಟನ್ನ ಬಾಕ್ಸ್ ನಂಬಲ್ಲ, ನೆಟ್ ಇದ್ರೂ ಇಲ್ಲ ಅನ್ನುತ್ತೆ.

ಹೇಮಾವತಿ_ತೀರ · ಮುಂದಿನ ಭಾನುವಾರ, ರಾತ್ರಿ 8:20

ನಿನ್ನೆ ಊರಿಗೆ ಬಂದೆ. ಚೀಟೀಲಿ ಬರ್ಕೊಂಡಿದ್ದು ಹಾಗೇ ಹಾಕ್ತಿದೀನಿ.

ಕೆಂಪು ದೀಪ ಇಲ್ಲ. ಡಬ್ಬಿ ಇರೋದು ಆಫೀಸ್ ರೂಮಲ್ಲಿ, ಅಂದ್ರೆ ಅಪ್ಪ ಲೆಕ್ಕ ಬರೀತಿದ್ದ ರೂಮು, ಕಣದ ಕಡೆಗೆ. ಅದರ ಪಕ್ಕ ನಿಂತು ಫೋನಲ್ಲಿ ನೋಡಿದ್ರೆ ಹತ್ತು ನಿಮಿಷ ಒಂದ್ಸಲಾನೂ ನಿಲ್ಲಲಿಲ್ಲ. ಟೀವಿ ಪಕ್ಕ ಬಂದ್ರೆ ಫೋನಲ್ಲೂ ನಿಲ್ತು. ಬೇರೆ ವಿಡಿಯೋ ಆಪ್ ಸ್ಟಿಕ್‌ನಲ್ಲಿ ಹಾಕಿದೆ, ಅದು ನಿಲ್ಲಲಿಲ್ಲ ಆದ್ರೆ ಚಿತ್ರ ಮಸುಕು ಮಸುಕಾಗಿ ಮುಖಾನೇ ಕಾಣದ ಹಾಗಾಯ್ತು. ಸ್ಟಿಕ್ ಕರೆಂಟು ಟೀವಿಯಿಂದಾನೇ ಇತ್ತು, ಗೋಡೆ ಪ್ಲಗ್ಗಿಗೆ ಹಾಕಿದೆ. ಮುಂಚೆ ದಿನಕ್ಕೊಂದ್ಸಲ ತಾನಾಗೇ ಆಫ್ ಆಗ್ತಿತ್ತಂತೆ, ಅಮ್ಮ ನಂಗೆ ಹೇಳೇ ಇರ್ಲಿಲ್ಲ, ನಿನ್ನೆಯಿಂದ ಆಗಿಲ್ಲ. ಆದ್ರೆ ಏಳರ ಚಕ್ರ ಮಾತ್ರ ಹಾಗೇ ಇದೆ.

ಗೋಡೆ ಮಣ್ಣಿನದು, ಅಜ್ಜನ ಕಾಲದ್ದು, ಒಂದೂವರೆ ಅಡಿ ದಪ್ಪ. ಡಬ್ಬಿಗೂ ಟೀವಿಗೂ ನಡುವೆ ಅಂತಾವು ಎರಡು.

ಮುಳ್ಳಯ್ಯನಗಿರಿ_1930 · ಭಾನುವಾರ, ರಾತ್ರಿ 9:00

ಶಾಭಾಷ್. ಈಗ ಸರ್ವರೂ ಅಲ್ಲ ಲೈನೂ ಅಲ್ಲ ಅಂತ ಖಾತ್ರಿ ಆಯ್ತು, ಆಪ್‌ದೂ ತಪ್ಪಿಲ್ಲ. ಆ ಇನ್ನೊಂದು ಆಪ್ ಚಿತ್ರ ಮಸುಕು ಮಾಡ್ಕೊಂಡು ನಿಭಾಯಿಸ್ತಲ್ಲ, ಅದಕ್ಕೆ ಮೂರ್ನಾಲ್ಕು ಗುಣಮಟ್ಟದ ತುಂಡುಗಳಿರ್ತವೆ, ದಾರಿ ಇಕ್ಕಟ್ಟಾದ್ರೆ ಸಣ್ಣ ತುಂಡಿಗೆ ಇಳಿಯುತ್ತೆ. ನಿಮ್ಮ ಟೀವಿ ಆಪ್‌ಗೆ ಒಂದೇ ಗುಣಮಟ್ಟ ಇರ್ಬೇಕು, ಅದಕ್ಕೇ ನಿಲ್ಲುತ್ತೆ. ಕೆಟ್ಟಿರೋದು ವೈಫೈ.

ವೈಫೈನಲ್ಲಿ 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್ ಅಂತ ಎರಡು. 5 ವೇಗ, ಆದ್ರೆ ಗೋಡೆ ದಾಟೋಕೆ ಬಲ ಕಮ್ಮಿ, ಅಷ್ಟು ದಪ್ಪದ ಮಣ್ಣಿನ ಗೋಡೆ ಎರಡು ದಾಟೋದು ಕಷ್ಟ. ನಿಮ್ಮ ಸ್ಟಿಕ್ಕು 2.4ರಲ್ಲೇ ಇರುತ್ತೆ.

ಆದ್ರೆ ಗೋಡೆ ಮಧ್ಯಾಹ್ನಾನೂ ಅಲ್ಲೇ ಇದ್ಯಲ್ಲ ಮೇಡಂ. ಏಳಕ್ಕೆ ಏನಾಗುತ್ತೆ? ಮನೇಲಿ ಆ ಹೊತ್ತಿಗೆ ಏನು ಆನ್ ಆಗುತ್ತೆ, ಯಾರು ಬರ್ತಾರೆ, ಏನು ಶುರು ಆಗುತ್ತೆ, ಚಿಕ್ಕದು ದೊಡ್ಡದು ಅನ್ನದೆ ಎಲ್ಲಾ ಬರೀರಿ. ಒಂದು ತಿಂಗಳ ಹಿಂದೆ ಹೊಸದಾಗಿ ಏನಾದ್ರೂ ಬಂತಾ?

ಹೇಮಾವತಿ_ತೀರ · ಭಾನುವಾರ, ರಾತ್ರಿ 9:55

ಏಳಕ್ಕೆ ಅಂದ್ರೆ ಅಮ್ಮ ದೇವರಿಗೆ ದೀಪ ಹಚ್ತಾರೆ, ತಮ್ಮ ಹಣ್ಣಿನ ಸಿಪ್ಪೆ ಸುಲಿಯೋ ಪಲ್ಪರ್ ಮನೆಯಿಂದ ಬರ್ತಾನೆ, ಸೊಳ್ಳೆ ಅಂತ ಬಾಗ್ಲು ಹಾಕ್ತಾರೆ. ಓವನ್ ಅದೂ ಇದೂ ಏನಿಲ್ಲ ನಮ್ಮಲ್ಲಿ. ತೋಟದ ಕೆಲಸದೋರ ಲೈನ್ ಮನೆ ಮಕ್ಕಳಿಗೆ ಪಾಸ್‌ವರ್ಡ್ ಕೊಟ್ಟಿದೀಯಾ ಅಂದ್ರೆ ತಮ್ಮ ಇಲ್ಲ ಅಂದ.

ಹೊಸದು ಅಂದ್ರೆ ಕಣದಲ್ಲಿ ಕ್ಯಾಮೆರಾ! ಹಣ್ಣು ಒಣಗೋಕೆ ಹಾಕಿದ್ಮೇಲೆ ಕಳ್ಳರ ಭಯ ಅಂತ ತಮ್ಮ ನಾಲ್ಕು ವೈಫೈ ಕ್ಯಾಮೆರಾ ಹಾಕ್ಸಿದಾನೆ, ಕೊಯ್ಲು ಶುರು ಆದಾಗ, ಅಲ್ಲಿಗೆ ಹೆಚ್ಚೂಕಮ್ಮಿ ಒಂದು ತಿಂಗಳೇ ಆಯ್ತು. ಆದ್ರೆ ಅವು ಹಗಲೂ ಆನ್ ಇರ್ತವಲ್ಲ?

ತಡೀರಿ, ಕಣಕ್ಕೆ ಹೋಗಿ ನೋಡ್ಕೊಂಡು ಬರ್ತೀನಿ.

ಹೇಮಾವತಿ_ತೀರ · ಭಾನುವಾರ, ರಾತ್ರಿ 10:30

ಬ್ಯಾಟರಿ ಹಿಡ್ಕೊಂಡು ಹೋಗಿದ್ದೆ. ಕತ್ತಲಾದ್ಮೇಲೆ ಕ್ಯಾಮೆರಾ ಮುಖದಲ್ಲಿ ಕೆಂಪಗೆ ಸಣ್ಣ ಸಣ್ಣ ಚುಕ್ಕಿ ಉರೀತವೆ. ಆ ಚುಕ್ಕಿ ಸುತ್ತ ಹುಳ ಅಂದ್ರೆ ಹುಳ, ಮುತ್ಕೊಂಡು ಹಾರ್ತಿದಾವೆ, ಒಂದು ಕ್ಯಾಮೆರಾಗೆ ಜೇಡ ಬಲೇನೂ ಕಟ್ಟಿದೆ, ಗಾಳಿಗೆ ಆಡ್ತಿದೆ. ತಮ್ಮನ ಫೋನ್ ತಗೊಂಡು ನೋಡಿದ್ರೆ "ಚಲನೆ ಕಂಡಿದೆ" ಅಂತ ಮೆಸೇಜು ಒಂದರ ಮೇಲೊಂದು, ಸಂಜೆ 6:50ರಿಂದ ನಿಂತೇ ಇಲ್ಲ, ಒಂದೊಂದಕ್ಕೂ ಒಂದು ವಿಡಿಯೋ. ಅವನು ಕಾಟ ತಡೀಲಾರ್ದೆ ಫೋನನ್ನ ಸೈಲೆಂಟ್ ಮಾಡಿ ಇಟ್ಟಿದಾನೆ.

ಮುಳ್ಳಯ್ಯನಗಿರಿ_1930 · ಭಾನುವಾರ, ರಾತ್ರಿ 10:50

ಸಿಕ್ತು ಬಿಡಿ. ಹಗಲು ಕ್ಯಾಮೆರಾ ಸುಮ್ನೆ ನೋಡ್ತಾ ಇರುತ್ತೆ, ಏನಾದ್ರೂ ಅಲ್ಲಾಡಿದ್ರೆ ಮಾತ್ರ ವಿಡಿಯೋ ಮಾಡಿ ಕ್ಲೌಡಿಗೆ ಕಳ್ಸುತ್ತೆ. ಕತ್ತಲಾದ್ರೆ ಇನ್‌ಫ್ರಾರೆಡ್ ದೀಪ ಹಾಕ್ಕೊಳುತ್ತೆ, ಹುಳ ಬರ್ತವೆ, ಲೆನ್ಸಿಗೆ ಅಷ್ಟು ಹತ್ರ ಹಾರಿದ ಹುಳ ಅದ್ರ ಕಣ್ಣಿಗೆ ದೊಡ್ಡ ಆಕಾರ, ಕಳ್ಳ ಬಂದ ಹಾಗೇ ಲೆಕ್ಕ. ನಾಲ್ಕೂ ಒಟ್ಟಿಗೆ ರಾತ್ರಿ ಇಡೀ ವಿಡಿಯೋ ಕಳಿಸ್ತಾ ಕೂರ್ತವೆ.

50 ಎಂಬಿಪಿಎಸ್ ಲೈನಿಗೆ ಇದೆಲ್ಲ ಭಾರ ಅಲ್ಲ. ಆದ್ರೆ ಈ ಥರದ ಕ್ಯಾಮೆರಾ ಹೆಚ್ಚಿನವು 2.4ರಲ್ಲೇ ಕೆಲಸ ಮಾಡೋದು, ನಿಮ್ಮ ಸ್ಟಿಕ್ಕೂ ಅಲ್ಲೇ. ವೈಫೈ ಅನ್ನೋದು ಒಂದೇ ಗಾಳಿ, ಒಂದು ಚಾನೆಲ್ಲಲ್ಲಿ ಒಂದ್ಸಲಕ್ಕೆ ಒಬ್ರೇ ಮಾತಾಡ್ಬೇಕು. ದೂರದ ಕ್ಯಾಮೆರಾಗೆ ಸಿಗ್ನಲ್ ಕಮ್ಮಿ, ಅದು ನಿಧಾನಕ್ಕೆ ಎಳೆದೆಳೆದು ಮಾತಾಡುತ್ತೆ, ಅಷ್ಟೇ ಡೇಟಾ ಕಳ್ಸೋಕೆ ಹತ್ರದೋರಿಗಿಂತ ಎಷ್ಟೋ ಪಟ್ಟು ಹೊತ್ತು ತಗೊಳುತ್ತೆ. ಅಂತಾವು ನಾಲ್ಕು ಸರದಿಯಲ್ಲಿ ನಿಂತ್ರೆ ಎರಡು ಗೋಡೆ ಆಚೆ ಇರೋ ಸ್ಟಿಕ್ಕಿಗೆ ಸರದಿ ಬರೋದು ಯಾವಾಗ? ಡಬ್ಬಿ ಪಕ್ಕ ನಿಮ್ಮ ಫೋನು 5ರಲ್ಲಿತ್ತು, ಅದಕ್ಕೆ ನಿಲ್ಲಲಿಲ್ಲ.

ನಾಳೆ ಏಳೂಕಾಲಿಗೆ ಟೀವಿ ಹಾಕಿ, ಚಕ್ರ ಸುತ್ತೋಕೆ ಬಿಡಿ, ತಮ್ಮ ಕಣದ ಹತ್ರಾನೇ ನಿಂತಿರೋವಾಗ ನಾಲ್ಕೂ ಕ್ಯಾಮೆರಾ ಪ್ಲಗ್ ತೆಗೀಲಿ. ಏನಾಗುತ್ತೆ ಹೇಳಿ. ಬೇರೆ ಏನೂ ಮುಟ್ಬೇಡಿ.

ಹೇಮಾವತಿ_ತೀರ · ಸೋಮವಾರ, ರಾತ್ರಿ 7:45

ರಜಾ ಹಾಕಿ ಇಲ್ಲೇ ಉಳ್ಕೊಂಡೆ. 7:16ಕ್ಕೆ ಪ್ಲಗ್ ತೆಗೆದ. ಒಂದ್ಸಲ ಚಕ್ರ ಸುತ್ತಿತು, ಆಮೇಲೆ ಅರ್ಧ ಗಂಟೆ ನಿಲ್ಲಲೇ ಇಲ್ಲ. 7:46ಕ್ಕೆ ಮತ್ತೆ ಹಾಕ್ತಾನೆ, ನೋಡ್ತೀನಿ.

ಹೇಮಾವತಿ_ತೀರ · ಸೋಮವಾರ, ರಾತ್ರಿ 7:52

ಮತ್ತೆ ಶುರು. ಅಮ್ಮ "ಆ ಕ್ಯಾಮೆರಾ ತೆಗೆಸ್ಬೇಡಿ, ಕಾಫಿ ಹೋದ್ರೆ ವರ್ಷದ ಅನ್ನ ಹೋದಂಗೆ" ಅಂತಿದಾರೆ. ಎರಡೂ ಇರೋ ಹಾಗೆ ದಾರಿ ಇದ್ಯಾ ಅಣ್ಣ?

ಮುಳ್ಳಯ್ಯನಗಿರಿ_1930 · ಸೋಮವಾರ, ರಾತ್ರಿ 8:25

ಅಮ್ಮ ಹೇಳಿದ್ದು ಸರಿ, ಕ್ಯಾಮೆರಾ ಇರ್ಲಿ. ಟೀವಿಗೆ ವೈಫೈ ಸಹವಾಸಾನೇ ಬೇಡ, ತಂತಿ ಎಳೀರಿ. ಅಲುಗಾಡದೆ ಒಂದೇ ಕಡೆ ಕೂರೋ ಸಾಮಾನಿಗೆ ತಂತಿಗಿಂತ ಒಳ್ಳೇದಿಲ್ಲ. ಲ್ಯಾನ್ ಕೇಬಲ್ 100 ಮೀಟರ್‌ವರೆಗೂ ನಡೆಯುತ್ತೆ, ಅಟ್ಟದ ಮೇಲಿಂದ ತಂದ್ರೆ ಗೋಡೆ ಕೊರೆಯೋದೂ ಬೇಡ. ತುದಿಗೆ ಕ್ಲಿಪ್ ಹಾಕಿರೋ ರೆಡಿ ಕೇಬಲ್ ಸಕಲೇಶಪುರದಲ್ಲೇ ಸಿಗುತ್ತೆ, ಸ್ಟಿಕ್ಕಿಗೆ ಒಂದು ಲ್ಯಾನ್ ಅಡಾಪ್ಟರ್ ಬೇಕು ಅಷ್ಟೇ, ಅದು 100 ಎಂಬಿಪಿಎಸ್‌ದೇ ಆದ್ರೂ ನಿಮಗೆ ಧಾರಾಳ. ಅಟ್ಟದಲ್ಲಿ ಇಲಿ ಓಡಾಡ್ತಿದ್ರೆ ಪೈಪಿನೊಳಗೆ ಹಾಕಿ ಎಳೀರಿ, ಇದನ್ನ ಮಾತ್ರ ಮರೀಬೇಡಿ.

ಕ್ಯಾಮೆರಾ ಕಡೆಗೂ ಗಮನ ಕೊಡಿ, ಯಾಕಂದ್ರೆ ರಾತ್ರಿ ಇಡೀ ಹುಳಕ್ಕೆ ಕೂಗೋ ಕ್ಯಾಮೆರಾ ನಿಜವಾಗ್ಲೂ ಕಳ್ಳ ಬಂದಾಗ ಕೂಗಿದ್ರೆ ಸೈಲೆಂಟ್ ಫೋನಲ್ಲಿ ಯಾರು ನೋಡ್ತಾರೆ? ಕಣದಲ್ಲಿ ಕ್ಯಾಮೆರಾದಿಂದ ದೂರಕ್ಕೆ ಒಂದು ಬಲ್ಬ್ ಹಾಕಿ, ಬೆಳಕು ಸಾಕಷ್ಟಿದ್ರೆ ಅದರ ಕೆಂಪು ದೀಪ ಹತ್ತಲ್ಲ, ಹುಳ ಬಲ್ಬಿನ ಕಡೆ ಹೋಗ್ತವೆ. ಬಲೆ ವಾರಕ್ಕೊಂದ್ಸಲ ಪೊರಕೇಲಿ ತೆಗೀರಿ. ಸೂಕ್ಷ್ಮತೆ ಒಂದು ಹಂತ ಇಳಿಸಿ, ಮನುಷ್ಯರನ್ನ ಮಾತ್ರ ಗುರುತಿಸು ಅನ್ನೋ ಆಯ್ಕೆ ಇದ್ರೆ ಅದನ್ನೇ ಇಡಿ, ರೆಕಾರ್ಡಿಂಗು ಕ್ಯಾಮೆರಾದೊಳಗಿನ ಮೆಮೊರಿ ಕಾರ್ಡಿಗೆ ಹೋಗ್ಲಿ.

ಹೇಮಾವತಿ_ತೀರ · ಗುರುವಾರ, ರಾತ್ರಿ 9:15

ಮಂಗಳವಾರ ತಮ್ಮ ಮತ್ತೆ ನಮ್ಮ ರೈಟರ್ (ತೋಟದ ಲೆಕ್ಕ ನೋಡೋರು) ಸೇರಿ ಅಟ್ಟದ ಮೇಲಿಂದ ಕೇಬಲ್ ಎಳೆದ್ರು, ಅರ್ಧ ಇಂಚಿನ ಪೈಪಲ್ಲಿ ಹಾಕಿ. ಕ್ಲಿಪ್ ಹಾಕಿರೋ ತುದಿ ಪೈಪಿನೊಳಗೆ ಹಿಡೀಲಿಲ್ಲ, ಒಂದು ಕಡೆ ಕತ್ತರಿಸಿ ಎಳೆದು ಆಮೇಲೆ ಹೊಸ ಕ್ಲಿಪ್ ಹಾಕ್ಸಿದ್ವಿ, ಬೇರೆಯೋರು ಮಾಡೋದಾದ್ರೆ ಒಂದಿಂಚಿನ ಪೈಪೇ ತಗೊಳ್ಳಿ. ಹದಿನೆಂಟು ಮೀಟರ್ ಬೇಕಾಯ್ತು. ಮಂಗಳವಾರ, ಬುಧವಾರ, ಇವತ್ತು, ಮೂರು ಸಂಜೆ ಒಂದ್ಸಲಾನೂ ನಿಂತಿಲ್ಲ. ಕಣಕ್ಕೆ ಬಲ್ಬ್ ಹಾಕಿದೀವಿ, ನಿನ್ನೆ ರಾತ್ರಿ ತಮ್ಮನ ಫೋನಿಗೆ ಬಂದಿದ್ದು ಮೂರೇ ಮೆಸೇಜು, ಎರಡು ನಮ್ಮನೆ ನಾಯಿ, ಒಂದು ಟಾರ್ಪಾಲ್ ಸರಿ ಮಾಡೋಕೆ ಹೋಗಿದ್ದ ಅವನೇ.

ಇವತ್ತು ಏಳೂವರೆಗೆ ನಾನು ಫೋನ್ ಮಾಡಿದ್ರೆ ಅಮ್ಮ "ಆಮೇಲೆ ಮಾಡು, ಈಗ ಮುಖ್ಯವಾದ್ದು ಬರ್ತಿದೆ" ಅಂತ ಇಟ್ಟೇಬಿಟ್ರು. ನಂಗೆ ಅಷ್ಟು ಖುಷಿ ಆಗಿದ್ದು ಈ ವರ್ಷದಲ್ಲೇ ಇಲ್ಲ. ಅಣ್ಣ ನಿಮಗೂ, ಕರೆಂಟಿನ ವಿಷಯ ಹೇಳಿದ ಬೇಲೂರಿನೋರಿಗೂ ತುಂಬಾ ಥ್ಯಾಂಕ್ಸ್. ಈ ಕಡೆ ಬಂದ್ರೆ ಮನೆಗೆ ಬನ್ನಿ, ನಮ್ಮ ತೋಟದ್ದೇ ಕಾಫಿ ಕುಡ್ಕೊಂಡು ಹೋಗ್ಬೋದು.

ಅರಸೀಕೆರೆಯೋರೆ, ನಿಮ್ಮ ಕಪ್ಪು ಚಿತ್ರ ಏನಾಯ್ತು?

ಅರಸೀಕೆರೆ_ತೆಂಗು · ಗುರುವಾರ, ರಾತ್ರಿ 10:40

ಸಾಫ್ಟ್‌ವೇರ್ ಡಿಕೋಡರ್ ಹಾಕ್ದೆ ಅಕ್ಕ, ಚಿತ್ರ ಬಂತು, ಆದ್ರೆ ಬೌಲರ್ ಓಡಿ ಬರೋದು ಕಾಣುತ್ತೆ, ಬಾಲ್ ಎಲ್ಲೋಯ್ತು ಅಂತ ಕಾಣಲ್ಲ, ಬಾಕ್ಸು ಮುಟ್ಟಂಗಿಲ್ಲ ಅಷ್ಟು ಬಿಸಿ ಆಯ್ತದೆ. ಸದ್ಯಕ್ಕೆ ಎಸ್‌ಡಿಲೇ ನೋಡ್ತಾ ಇದೀನಿ. ಕೊಬ್ರಿ ಮಾರಿದ್ಮೇಲೆ ಹೊಸ ಬಾಕ್ಸು, ಎಚ್ 265 ಐತಾ ಅಂತ ಮೊದ್ಲು ಕೇಳೇ ತಗೋತೀನಿ.